ಹೇಳದೆ ಹೊರಡಬೇಕಿದ್ದ ಮನೆ

ಶಕುನ, ಗಾಳಿ, ಭೂತ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಓದಿ ಕೆಲಸದಲ್ಲಿರುವ ಜನ ಅಡಗೂಲಜ್ಜಿ ಕಥೆ ಹೇಳುವುದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಆದ್ದರಿಂದ ಇದನ್ನು ನಂಬಿ ಎಂದು ನಾನು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ವರ್ಷಗಳು ಕಳೆದರೂ ಆ ದಿನದ ಸಿಟ್ಟು ಇಳಿದಿಲ್ಲ, ಅದನ್ನು ಯಾರ ಮೇಲೆ ಇಳಿಸಬೇಕೆಂದೂ ತಿಳಿದಿಲ್ಲ.

ಆಗ ಅಮ್ಮ ಕಡಲಾಚೆಯ ಪೆಟಾಲಿಂಗ್ ಜಯಾದ ನಮ್ಮ ಮನೆಗೆ ಬಂದಿದ್ದಳು. ಒಂದು ದಿನ ಮೈಸೂರಿನಿಂದ ಫೋನ್ ಬಂತು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಆಸ್ಪತ್ರೆಯಲ್ಲಿದ್ದಾಳೆ, ಇವತ್ತೋ ನಾಳೆಯೋ ಎನ್ನುವ ಹಾಗಿದೆ ಎಂದರು. ತಾಯಿಯಿಲ್ಲದ ಅಮ್ಮನನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಮದುವೆ ಮಾಡಿ ಕಳಿಸಿದವಳು ದೊಡ್ಡಮ್ಮನೇ. ಮರುದಿನ ಸಂಜೆಯ ವಿಮಾನದಲ್ಲಿ ನಮ್ಮಿಬ್ಬರಿಗೂ ಜಾಗ ಸಿಕ್ಕಿತು. ಅಕ್ಕ ಕಣ್ಣು ಮುಚ್ಚುವ ಮೊದಲು ಒಮ್ಮೆ ಮುಖ ನೋಡಬೇಕು, ಅಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ.

ಅದೇ ಮಧ್ಯಾಹ್ನಕ್ಕೆ ಸಂದೀಪ ಊಟಕ್ಕೆ ಟೇಬಲ್ ಕಾದಿರಿಸಿದ್ದ. ಅವನು ಮಂಗಳೂರಿನವನು, ಕ್ಲಾಂಗ್ ಬಂದರಿನಲ್ಲಿ ಕೆಲಸ, ನಮ್ಮ ಮನೆಯ ಹುಡುಗನ ಹಾಗೆಯೇ. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

“ಏರ್‌ಪೋರ್ಟ್ ದಾರಿಯಲ್ಲೇ ಮಾರಾಯ್ರೆ. ಆಂಟಿ ಖಾಲಿ ಹೊಟ್ಟೆಯಲ್ಲಿ ಹೋಗುವುದು ಬೇಡ,” ಎಂದ.

ಅಮ್ಮನಿಗೆ ಯಾರಿಗೂ ಇಲ್ಲ ಎನ್ನಲು ಬಾರದು. ಸೂಟ್‌ಕೇಸುಗಳನ್ನು ಡಿಕ್ಕಿಗೆ ಹಾಕಿಕೊಂಡು ಹೊರಟೆವು.

ಎಣ್ಣೆತಾಳೆ ತೋಟದ ನಡುವೆ ಒಂದು ಹಳೆಯ ಬಂಗಲೆ. ಹೆದ್ದಾರಿಯಿಂದ ಅಲ್ಲಿಗೆ ಒಂದೇ ಮಣ್ಣಿನ ದಾರಿ, ಕವಲು ಇಲ್ಲ. ಗೇಟಿನ ಬಳಿ ಹಸಿರು ಮಡಕೆ ಬರೆದ ಬೋರ್ಡು, ಕೆಳಗೆ ಗ್ಯಾಸ್ಟ್ರೋಪಬ್ ಎಂಬ ಹೆಸರು. ಬಿಯರ್ ಮಾರುವ ಜಾಗದಲ್ಲಿ ಒಬ್ಬ ಒಳ್ಳೆಯ ಅಡುಗೆಯವನಿದ್ದರೆ ಆ ಹೆಸರು ಬರುತ್ತದಂತೆ. ಅಡುಗೆಯವನು ಇದ್ದನೋ ಇಲ್ಲವೋ, ಊಟವಂತೂ ಬರಲಿಲ್ಲ. ಅಣಬೆಯನ್ನೂ ಮುಟ್ಟದ ಅಮ್ಮನಿಗೆ ಟೊಮೆಟೊ ಸೂಪು, ಹುರಿದ ಆಲೂಗಡ್ಡೆ ಹೇಳಿದ್ದೆವು. ಅದಕ್ಕೂ ಯುಗಗಟ್ಟಲೆ ಕಾಯಬೇಕೇ? ಬಡಿಸುವ ಹುಡುಗಿಯನ್ನು ಕೇಳಿದಾಗೆಲ್ಲ “ಸಾರಿ ಲಾ, ಕಿಚನ್ ಸ್ಲೋ ಟುಡೇ” ಎಂದು ತಲೆ ತಗ್ಗಿಸಿ ಹೋಗುತ್ತಿದ್ದಳು. ಅಮ್ಮ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು. ನನ್ನ ಪಿತ್ತ ನೆತ್ತಿಗೇರಿತ್ತು. ಅಷ್ಟರಲ್ಲಿ ಸಂದೀಪನಿಗೆ ಬಂದರಿನಿಂದ ಕರೆ ಬಂತು, ಫೋನ್ ಕಿವಿಗಿಟ್ಟುಕೊಂಡೇ ಅವನು ತನ್ನ ಕಾರು ಹತ್ತಿ ಹೋದ.

ನಾವು ಗಬಗಬ ತಿಂದು ಎದ್ದೆವು. ಬಾಗಿಲ ಬಳಿಯ ಕೌಂಟರಿನಲ್ಲಿ ಮಾಸಲು ಸೀರೆಯ ತಮಿಳು ಮುದುಕಿಯೊಬ್ಬರು ಕೂತಿದ್ದರು, ಜಾಗದ ಒಡತಿ. ಸೊಪ್ಪು ಮಾರುವವಳಿಗೂ ಹೇಳಿಯೇ ಹೊರಡುವ ಅಮ್ಮ ಅವರ ಕೈ ಹಿಡಿದು ನಕ್ಕಳು.

“ಹೊಟ್ಟೆ ತುಂಬ್ತಮ್ಮ. ನಾವು ಹೋಗಿ ಬರ್ತೀವಿ.”

ಮುದುಕಿ ಕೈ ಕಿತ್ತುಕೊಂಡು ಮುಖವನ್ನು ಗೋಡೆಗೆ ತಿರುಗಿಸಿದರು. ಅಮ್ಮನ ನಗು ಅಲ್ಲೇ ಒಣಗಿತು. ಆ ಗಳಿಗೆಯಲ್ಲಿ ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಕಾರಿನಲ್ಲಿ ಕೂತ ಮೇಲೂ ಬಯ್ಯುತ್ತಲೇ ಇದ್ದೆ.

ದಾರಿ ನೇರವಾಗಿತ್ತು. ಎರಡೂ ಕಡೆ ತಾಳೆ ಮರಗಳು. ಹೆದ್ದಾರಿ ಬರಬೇಕು ಎನ್ನುವಷ್ಟರಲ್ಲಿ ಎದುರಿಗೆ ಹಸಿರು ಮಡಕೆಯ ಬೋರ್ಡು ಕಂಡಿತು. ಸಿಟ್ಟಿನಲ್ಲಿ ಎಲ್ಲೋ ತಿರುಗಿಸಿರಬೇಕೆಂದು ಕಾರನ್ನು ಮತ್ತೆ ಹೊರಳಿಸಿದೆ. ಈ ಸಲ ಬಾಯಿ ಮುಚ್ಚಿಕೊಂಡು, ಸ್ಟೇರಿಂಗ್ ಅಲುಗದಂತೆ ಹಿಡಿದು ಓಡಿಸಿದೆ. ಮತ್ತೆ ಅದೇ ಬೋರ್ಡು. ಮೊಬೈಲಿನ ನಕ್ಷೆಯಲ್ಲಿ ನಾವು ಆಗಲೇ ಹೆದ್ದಾರಿಯಲ್ಲಿದ್ದೆವು, ಗಾಜಿನಾಚೆ ಮಾತ್ರ ಆ ಹಾಳು ಮಡಕೆ. ಇನ್ನೊಮ್ಮೆ ಪ್ರಯತ್ನಿಸಿದೆ. ಅಮ್ಮ “ವಿಮಾನ ಕಣೋ, ವಿಮಾನ” ಎಂದು ಸಣ್ಣಗೆ ಅನ್ನುತ್ತಿದ್ದಳು.

ಕೊನೆಗೆ ಗೇಟಿನೊಳಗೇ ನುಗ್ಗಿಸಿ, ಇಳಿದು, ಸಿಕ್ಕಿದ ಆ ಹುಡುಗಿಯ ಮೇಲೆ ಹರಿಹಾಯ್ದೆ. ಹೆದ್ದಾರಿಗೆ ದಾರಿ ಯಾವುದು, ಇಲ್ಲಿ ಏನು ನಡೆಯುತ್ತಿದೆ ಎಂದು ಕೂಗಾಡಿದೆ. ಅವಳು ಅಳಲು ಶುರುಮಾಡಿದಳು. ಯಜಮಾನರು, ಕೌಂಟರಿನ ಆಂಟಿಯ ಗಂಡ, ನಿನ್ನೆ ತೀರಿಕೊಂಡರಂತೆ. ಹೊರದೇಶದಿಂದ ಮಗ ಬರಬೇಕು, ದೇಹ ಹಿಂದಿನ ಕೋಣೆಯಲ್ಲಿದೆ. ಟೇಬಲ್ ಕೊಡಲು ಒಪ್ಪಿಕೊಂಡ ಮೇಲೆ ಊಟವಿಲ್ಲ ಎನ್ನಬಾರದೆಂದು ಆಂಟಿ ಬಾಗಿಲು ತೆರೆದರಂತೆ.

ಹೆಣ ಒಳಗಿಟ್ಟುಕೊಂಡು ನಮಗೆ ಸೂಪು ಬಡಿಸಿದರೇ? ಅಮ್ಮನಿಗೆ ಮಾತ್ರ ಬೇರೇನೋ ಹೊಳೆದಿತ್ತು.

“ಸಾವಿನ ಮನೇಲಿ ಹೋಗಿ ಬರ್ತೀವಿ ಅಂದ್ಬಿಟ್ನಲ್ಲೋ,” ಎಂದಳು. “ಅದಕ್ಕೇ ಆಯಮ್ಮ ಮುಖ ತಿರುಗಿಸಿದ್ದು.”

ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡಳು, ನನ್ನನ್ನೂ ಗದರಿಸಿ ತೊಳೆಸಿದಳು. “ಯಾರಿಗೂ ಹೇಳ್ಬೇಡ, ತಿರುಗಿ ನೋಡ್ಬೇಡ, ಹೊರಡು.” ನಾನು ಹಲ್ಲು ಕಚ್ಚಿಕೊಂಡು ಹೊರಟೆ. ಅದೇ ದಾರಿ, ಅವೇ ಮರಗಳು. ಒಂದು ಬೈಗುಳ ನುಂಗಿಕೊಳ್ಳುವಷ್ಟರಲ್ಲಿ ಹೆದ್ದಾರಿ ಬಂದುಬಿಟ್ಟಿತು.

ವಿಮಾನ ತಪ್ಪಿತು. ಮರುದಿನದ ವಿಮಾನ ಹಿಡಿದು ಮೈಸೂರು ಮುಟ್ಟುವ ಹೊತ್ತಿಗೆ ದೊಡ್ಡಮ್ಮನನ್ನು ಸುಟ್ಟು ಬಂದಿದ್ದರು. ಕೊನೆಯವರೆಗೂ “ಅವಳು ಬಂದ್ಲಾ?” ಎಂದು ಕೇಳುತ್ತಿದ್ದಳಂತೆ. ಅಮ್ಮ ನಡುಮನೆಯ ದೀಪದ ಮುಂದೆ ಕೂತು “ನನ್ನ ಬಾಯಿಗೆ ಬೆಂಕಿ ಹಾಕ” ಎಂದು ತನ್ನನ್ನೇ ಶಪಿಸಿಕೊಂಡಳು. ಜೀವಮಾನವಿಡೀ ಎಲ್ಲರಿಗೂ ಒಳ್ಳೆಯ ಮಾತಾಡಿದ ಹೆಂಗಸು, ಒಂದು ಒಳ್ಳೆಯ ಮಾತಿಗಾಗಿ ಹಾಗೆ ಶಪಿಸಿಕೊಳ್ಳಬೇಕೇ? ಯಾವ ದೇವರ ನ್ಯಾಯ ಇದು?

ಸಂದೀಪನನ್ನು ಕೇಳಿದರೆ, ನೀವು ಟೆನ್ಷನ್‌ನಲ್ಲಿದ್ರಿ, ತೋಟದಲ್ಲಿ ಎಲ್ಲ ಒಂದೇ ಹಾಗೆ ಕಾಣ್ತದೆ ಎನ್ನುತ್ತಾನೆ. ಅವನು ಮಾತ್ರ ಸಲೀಸಾಗಿ ಬಂದರು ಮುಟ್ಟಿದ್ದ. ಯಾರಿಗೂ ಹೇಳದೆ ಹೋದವನಲ್ಲವೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ರಜೆ ಸಾಲದೆ, ಕರ್ಮಗಳು ಮುಗಿಯುವ ಮೊದಲೇ ನಾನೊಬ್ಬನೇ ದೊಡ್ಡಮ್ಮನ ಮನೆಯಿಂದ ಹೊರಟೆ. ಹೇಳದೆ ಹೋಗು ಎಂದು ಅಮ್ಮ ಕಣ್ಸನ್ನೆ ಮಾಡಿದಳು. ನಾನು ಹೊಸ್ತಿಲಲ್ಲಿ ನಿಂತು, ಬಂಧುಗಳೆಲ್ಲ ಬೆಚ್ಚಿ ನೋಡುವ ಹಾಗೆ, ಆ ದೀಪಕ್ಕೆ ಕೇಳುವಷ್ಟು ಗಟ್ಟಿಯಾಗಿ, “ದೊಡ್ಡಮ್ಮ, ಹೋಗಿ ಬರ್ತೀನಿ” ಎಂದೆ.

ಬೆಂಗಳೂರಿನ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕಾದೆ. ಗುರುತು ಪರಿಚಯವಿಲ್ಲದವರ ಮನೆ ನಮ್ಮನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದಿತ್ತಲ್ಲ, ಈ ಮನೆ ಒಂದು ಸಲವಾದರೂ ಎಳೆಯಲಿ ಎಂದು ಕಾದೆ. ದಾರಿ ಎಲ್ಲೂ ತಪ್ಪಲಿಲ್ಲ. ವಿಮಾನದ ಹೊತ್ತಿಗಿಂತ ಬಹಳ ಮುಂಚೆಯೇ ತಲುಪಿದೆ.