ಬಿಲಕ್ಕೆ ಹೇಳದ ಸುದ್ದಿ

ಓಯಿ ಎಂಬ ಕಡಲಹಕ್ಕಿಯ ಮರಿ ಹಿಡಿಯಲು ಬಿಲದೊಳಗೆ ಕೈ ಹಾಕಿದಾಗ ಬೆರಳಿಗೆ ಬೆಚ್ಚಗೆ ತಾಗಿದರೆ ಹಕ್ಕಿ, ತಣ್ಣಗೆ ತಾಗಿದರೆ ನೋಡಲು ಓತಿಯಂತಿರುವ ತುವಾತಾರ. ಎರಡೂ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತವೆ. ತುವಾತಾರ ಒಮ್ಮೆ ಕಚ್ಚಿದರೆ ಅದಾಗಿಯೇ ಬಿಡುವ ತನಕ ಕಾಯಬೇಕು. ಅದಕ್ಕೇ ರೀಪೆಕಾಳ ಮನೆತನದವರು ಕೈ ಹಾಕುವ ಮೊದಲು ಬಿಲದ ಬಾಯಿಗೆ ಬಗ್ಗಿ, ತಾವು ಯಾರು, ಯಾರ ಮಕ್ಕಳು ಎಂದು ಹೇಳಿಕೊಳ್ಳುತ್ತಿದ್ದರು.

ಊರಿನಿಂದ ದೋಣಿಯಲ್ಲಿ ಹೋಗಬೇಕಾದ ಹಕ್ಕಿಗಳ ದ್ವೀಪದ ಇಳಿಜಾರಿನಲ್ಲಿ, ಕೆಂಪು ಹೂವಿನ ಮರವೊಂದರ ಬೇರಿನಡಿ ಒಂದು ಮುದಿ ತುವಾತಾರ ಇತ್ತು. ರೀಪೆಕಾಳ ತಂದೆ ಹುಡುಗನಾಗಿದ್ದಾಗಲೇ ಅದರ ಬೆನ್ನಿನ ಮುಳ್ಳುಗಳು ಸವೆದಿದ್ದವಂತೆ. ಎಲ್ಲರೂ ಅದನ್ನು ಅಜ್ಜ ಎನ್ನುತ್ತಿದ್ದರು. ಹೊರಗಿನವರು ಯಾರಾದರೂ ಓತಿಕೇತ ಎಂದರೆ ರೀಪೆಕಾಗೆ ರೇಗುತ್ತಿತ್ತು. "ಓತಿಕೇತಗಳೆಲ್ಲ ಇವನ ಮುಂದೆ ಮೊನ್ನೆ ಹುಟ್ಟಿದ ಕೂಸುಗಳು, ತಿಳ್ಕೊಳ್ಳಿ" ಎನ್ನುತ್ತಿದ್ದಳು.

ಮಗಳು ಹುಹಾನಾ ಹುಟ್ಟಿದ ವರ್ಷ ಅವಳನ್ನು ಸೊಂಟದಲ್ಲಿ ಕೂರಿಸಿಕೊಂಡು ಹೋಗಿ ಅಜ್ಜನಿಗೆ ಹೆಸರು ಹೇಳಿ ಪರಿಚಯಿಸಿ ಬಂದಿದ್ದಳು. ಅಲ್ಲಿಂದ ಪ್ರತಿ ವರ್ಷ ಬಿಲಕ್ಕೆ ಅವಳ ಮಾತು ಒಂದೇ. "ನಾನು ರೀಪೆಕಾ. ಪೆನೆಯ ಮಗಳು. ಹುಹಾನಾಳ ಅಮ್ಮ."

ಹುಹಾನಾ ತುಂಬು ಹರೆಯದಲ್ಲಿ, ಬಂಡೆಯ ಮೇಲೆ ಚಿಪ್ಪು ಆಯುತ್ತಿದ್ದಾಗ ಅಲೆಗೆ ಸಿಕ್ಕಿ ಹೋದಳು. ದಡ ಸೇರಿದ ಹೆಣವನ್ನು ಊರ ಸಭಾಮನೆಯಲ್ಲಿ ಒಂಟಿ ಬಿಡದೆ ಜನ ಸುತ್ತ ಕೂತರು, ಹಾಡಿದರು, ಇಷ್ಟು ಬೇಗ ಹೊರಟೆಯಲ್ಲ ಎಂದು ಅವಳನ್ನೇ ಬೈದರು. ರೀಪೆಕಾ ಬಂದವರಿಗೆಲ್ಲ ಊಟ ವಿಚಾರಿಸಿಕೊಂಡು ಓಡಾಡಿದಳು. ಆಮೇಲೆ ದ್ವೀಪದ ಕಡೆ ತಲೆ ಹಾಕಲಿಲ್ಲ.

"ಬಾರಕ್ಕಾ, ಅಜ್ಜ ನೀನೆಲ್ಲಿ ಅಂತ ನನ್ನನ್ನ ಕೇಳ್ತಾನೆ" ಎಂದು ತಮ್ಮ ತಾಮಾಟಿ ಹಕ್ಕಿ ಹಿಡಿಯುವ ಕಾಲ ಬಂದಾಗಲೆಲ್ಲ ಕರೆಯುತ್ತಿದ್ದ.

"ಅವಳು ಹೋಗಿದ್ದು ಗೊತ್ತಿಲ್ದೇ ಇರೋನು ಈ ತೀರದಲ್ಲಿ ಅವನೊಬ್ಬ ಕಣೋ. ಅವನ ಪಾಲಿಗಾದ್ರೂ ಅವಳು ಬದುಕಿರ್ಲಿ ಬಿಡು."

ದಕ್ಷಿಣದ ನೆಂಟರ ದ್ವೀಪದಲ್ಲಿ ತುವಾತಾರಗಳನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು. ಈಗ ಇಲಿಗಳಿಲ್ಲ, ಒಂದಷ್ಟು ಕೊಡಿ ಎಂದು ಅವರು ಕೇಳಿದರು. ಚಿಕ್ಕವುಗಳ ಜೊತೆ ಹಿರಿಯನೊಬ್ಬ ಇರಲಿ ಎಂದು ಊರಿನವರು ಅಜ್ಜನನ್ನೂ ಕಳಿಸಲು ನಿಶ್ಚಯಿಸಿದರು. ಆ ಬಿಲದ ತಿರುವುಗಳು ಗೊತ್ತಿದ್ದದ್ದು ರೀಪೆಕಾಳ ಕೈಗೆ ಮಾತ್ರ.

"ನಾನು ಕೈ ಹಾಕಿದ್ರೆ ನನ್ನ ಹೆಂಡ್ತಿಗಿಂತ ಗಟ್ಟಿಯಾಗಿ ಹಿಡ್ಕೋತಾನೆ" ಎಂದ ತಾಮಾಟಿ. ರೀಪೆಕಾ ನಗಲಿಲ್ಲ, ಆದರೆ ದೋಣಿ ಹತ್ತಿದಳು.

ಬಿಲದ ಮುಂದೆ ಮಂಡಿಯೂರಿದಳು. ತನ್ನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು. ಮಗಳ ಹೆಸರು ಹೇಳಲಿಲ್ಲ. ಹಾಗೇ ತೋಳು ತೂರಿಸಿದಳು. ಅಜ್ಜ ಕಚ್ಚಲಿಲ್ಲ. ತಣ್ಣನೆಯ ಹೊಟ್ಟೆಯನ್ನು ಅಂಗೈಗೆ ಒರಗಿಸಿ ಹೊರಗೆ ಬಂದ.

ನೆಂಟರ ಸಭಾಮನೆಯಲ್ಲಿ ಸ್ವಾಗತ ಮುಗಿದ ಮೇಲೆ ಕೆರೇನಿ ಎಂಬ ಮುದುಕಿ ವಾಡಿಕೆಯಂತೆ ರೀಪೆಕಾಳ ಮೂಗಿಗೆ ಮೂಗು ಒತ್ತಿ, ಅಜ್ಜನನ್ನು ತಂದ ಪೆಟ್ಟಿಗೆಯ ಪಕ್ಕ ಕೂತಳು.

"ಇವ್ನಿಗೆ ಯಾರ್ಯಾರು ಗೊತ್ತು ಹೇಳವ್ವ. ನಾಳೆಯಿಂದ ನಾವು ಮಾತಾಡಿಸ್ಬೇಕಲ್ಲ. ತನ್ನೋರ ಹೆಸ್ರು ಕಿವಿಗೆ ಬಿದ್ರೆ ಒಗ್ಗಿಕೊಳ್ತಾನೆ."

"ನಮ್ಮಪ್ಪ ಪೆನೆ ಗೊತ್ತು. ನಾನು ಗೊತ್ತು." ರೀಪೆಕಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ನನ್ನ ಮಗಳು ಹುಹಾನಾ."

"ಬಂದಿದಾಳಾ ಮಗಳು? ಯಾಕೆ ಹಿಂದೆ ಕೂರಿಸಿದೀಯ, ಕರಿ ಇಲ್ಲಿ, ಮುಖ ನೋಡ್ತೀನಿ."

ಮುದುಕಿ ಕತ್ತು ಚಾಚಿ ಬಾಗಿಲ ಕಡೆ ಹುಡುಕಿದಳು. ರೀಪೆಕಾಳ ಕಡೆಯವರೆಲ್ಲ ತಲೆ ತಗ್ಗಿಸಿದರು. ತಾಮಾಟಿ ಏನೋ ಹೇಳಲು ಎದ್ದ. ಅಕ್ಕ ಕೈಸನ್ನೆಯಲ್ಲೇ ಕೂರಿಸಿದಳು. ಪೆಟ್ಟಿಗೆಯ ಮೇಲೆ ಬಗ್ಗಿದಳು.

"ಅಜ್ಜಾ, ಹುಹಾನಾ ತೀರಿಕೊಂಡ್ಳು. ಕಡಲಿಗೆ ಹೋದ್ಳು. ನಿನಗೆ ಹೇಳೋಕೆ ನನ್ನಿಂದ ಆಗ್ಲಿಲ್ಲ."

ಪೆಟ್ಟಿಗೆಯೊಳಗೆ ಅಜ್ಜ ಕದಲಲಿಲ್ಲ. ಕೆರೇನಿ ರೀಪೆಕಾಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ಗೋಳಿಟ್ಟಳು. ಹುಹಾನಾಳನ್ನು ಕಂಡೇ ಇಲ್ಲದ ಹೆಂಗಸರೆಲ್ಲ ಅವಳ ಹೆಸರು ಹಿಡಿದು ಅತ್ತರು. ಮಗಳ ಮಣ್ಣಿನ ದಿನವೂ ಒಣಗಿದ್ದ ರೀಪೆಕಾಳ ಕಣ್ಣು ಅಂದು ತುಂಬಿ ಹರಿಯಿತು.

ಅಜ್ಜನನ್ನು ಹೊಸ ಬಿಲಕ್ಕೆ ಬಿಡಲು ಉಳಿದವರು ಹೋದರು. ಅವಳು ದಂಡೆಯಲ್ಲೇ ಕೂತಳು. ತಾಮಾಟಿ ಬೇಯಿಸಿದ ಗೆಣಸು ತಂದು ಕೈಗಿಟ್ಟ.

"ತಿನ್ನಕ್ಕಾ. ಹೇಳಿದ್ದು ಒಳ್ಳೇದಾಯ್ತು. ಎದೆ ಹಗುರಾಯ್ತಲ್ಲ?"

ರೀಪೆಕಾ ಗೆಣಸನ್ನು ನೋಡುತ್ತಾ ಕೂತಿದ್ದಳು.

"ಇನ್ನು ಅವಳು ಎಲ್ಲೂ ಉಳಿದಿಲ್ಲ ಕಣೋ" ಎಂದಳು.