ಟೇಪು ಹಿಡಿದ ಸುಲ್ತಾನ

ನಗರಸಭೆಯ ಬಿಲ್ ಕಲೆಕ್ಟರ್ ಕೈಲಾಶ ಅಳತೆಯ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೌಬಾದದ ಓಣಿಗೆ ಇಳಿದರೆ, ಕೋಟೆ ಗೆಲ್ಲಲು ಹೊರಟ ಸುಲ್ತಾನನೇ ಸರಿ. ತಗಡಿನ ಮಾಡು ಅವನ ಕಣ್ಣಿಗೆ ಆರ್‌ಸಿಸಿ, ಹರಟೆಯ ಕಟ್ಟೆ ಅವನ ಕಣ್ಣಿಗೆ ಅಂಗಡಿ, ಯಾರು ಏನೇ ಅಂದರೂ ಉತ್ತರ ಒಂದೇ, "ರೂಲ್ಸ್ ಅದಾವರಿ." ಕುರಿ ಸಾಕುವ ಜನಾಬಾಯಿಯ ಹಟ್ಟಿಯಲ್ಲಿ ಹಿಕ್ಕೆ ಕಂಡು ಕಸದ ಶುಲ್ಕ ಹೇರಿದ. "ಇದು ಕಸ ಅಲ್ರಿ ಸಾಹೇಬ್ರ, ಬಗದಲ್ ಊರಿನ ರೈತರು ಗೊಬ್ಬರಕ್ಕಂತ ಜ್ವಾಳ ಕೊಟ್ಟು ಒಯ್ತಾರ," ಎಂದು ಅವಳು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. "ಹಂಗಾದ್ರ ಇದು ವ್ಯಾಪಾರ ಆಯ್ತಲ್ಲ, ಜನಾಬಾಯಿ!" ಎಂದವನೇ ಹಟ್ಟಿಯನ್ನು ವಾಣಿಜ್ಯ ಕಟ್ಟಡ ಮಾಡಿದ. ಆ ತೆರಿಗೆಗಾಗಿ ಅವಳು ಗಬ್ಬದ ಕುರಿಯೊಂದನ್ನು ಮಾರಿದಳು. ಇಂಥ ಶೂರನ ಸ್ವಂತ ಮನೆ ಮಾತ್ರ, ಅದೇ ಓಣಿಯ ಕೊನೆಗೆ, ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿದೆ. ದಫ್ತರದಲ್ಲಿ ಅದಿನ್ನೂ ತೊಗರಿ ಹೊಲ. ಹೊಲಕ್ಕೆ ತೆರಿಗೆಯೂ ಇಲ್ಲ, ಕಸದ ಗಾಡಿಯೂ ಬರುವುದಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಸುಲ್ತಾನರ ಕಸದ ಬಕೆಟ್ ಜನಾಬಾಯಿಯ ತಿಪ್ಪೆಯಲ್ಲೇ ಖಾಲಿಯಾಗುತ್ತದೆ. ಕುರಿ ಮಾರಿದ ಮರುದಿನವೂ ಅವನು ಬಕೆಟ್ ಹಿಡಿದು ಬಂದ. ಅವಳು ಮುಳ್ಳುಬೇಲಿ ಸರಿಸಿ ದಾರಿ ಬಿಟ್ಟಳು: "ಬರ್ರಿ ಸಾಹೇಬ್ರ. ನನ್ನ ದುಕಾನಕ್ಕ ದಿನಾ ಬರೋ ಗಿರಾಕಿ ನೀವೊಬ್ರೇ ನೋಡ್ರಿ."