ಬನ್ನಿಯ ದಿನದ ಅಂಟು

ನರೇಗಲ್ಲಿನ ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರರಿಗೆ ಮೀಸೆ ಇತ್ತೋ ಇಲ್ಲವೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಬೆರಳ ತುದಿಗೆ ಒಣಗಿದ ಅಂಟಿನ ಬಿಳಿ ಪೊರೆ ಇದ್ದದ್ದು ಮಾತ್ರ ನಿಜ. ಮೇಜಿನ ಮೇಲೆ ದಾಳ ಒಗೆದು ಆಡುವ ಯುದ್ಧದಾಟಕ್ಕೆ ಅವರು ಹೆಬ್ಬೆರಳೆತ್ತರದ ಪ್ಲಾಸ್ಟಿಕ್ ಸೈನಿಕರನ್ನು ಜೋಡಿಸುತ್ತಿದ್ದರು. ತೋಳು ಅಂಟಿಸಿ, ಸುತ್ತ ಕೂತ ಹುಡುಗರಾದ ನಮಗೆ "ಹತ್ತ ಎಣಸ್ರಿ, ಅಲಗ್ಯಾಡಬ್ಯಾಡ್ರಿ" ಎನ್ನುವರು. ಹನ್ನೊಂದಕ್ಕೆ ತೋಳು ಬೀಳುತ್ತಿತ್ತು.

ಅವರೊಡನೆ ಆಡುತ್ತಿದ್ದವರು ಎದುರುಮನೆಯ ಬಟ್ಟೆ ಅಂಗಡಿ ಸಾಹುಕಾರರೊಬ್ಬರೇ. ಒಮ್ಮೆ ಸಾಹುಕಾರರು ಸೀನಿದ್ದಕ್ಕೆ ಮಾಸ್ತರರ ಸೇನಾಪತಿ ಗೊಂಬೆಯ ತೋಳು ಹಾರಿ, ಜಗಳವಾಗಿ, ಎರಡು ತಿಂಗಳು ಮಾತೂ ಆಟವೂ ನಿಂತಿದ್ದವು. ದಸರೆಯ ಸಂಜೆ ಸಾಹುಕಾರರೇ ಬನ್ನಿ ಕೊಡಲು ಬಂದರು. ಆ ಎಲೆ ಕೊಟ್ಟರೆ ಜಗಳ ಮುಗಿದಂತೆ. ಸೇನಾಪತಿಗೆ ತೋಳು ಅಂಟಿಸುತ್ತಿದ್ದ ಮಾಸ್ತರರು ಕೈ ಒರೆಸಿಕೊಳ್ಳದೆ ಓಡಿಬಂದು ಅವರ ಕೈ ಹಿಡಿದರು. ಸೈನಿಕರನ್ನು ಎಂದೂ ಹಿಡಿಯದ ಅಂಟು ಎಲೆ ಸಮೇತ ಇಬ್ಬರ ಬಲಗೈಗಳನ್ನೂ ಗಟ್ಟಿಯಾಗಿ ಹಿಡಿಯಿತು.

"ಬಿಡ್ರಿ ಮಾಸ್ತರ, ಮಂದಿ ನೋಡಾಕತ್ತಾರ."

"ನಾ ಎಲ್ಲಿ ಹಿಡದೇನ್ರಿ ಸಾವಕಾರ್ರ? ಅದ ಹಿಡದೈತಿ."

ಮಾಸ್ತರರ ಹೆಂಡತಿ ಬಿಸಿನೀರಿನ ಬೋಗುಣಿ ತಂದು ಆಟದ ಮೇಜಿನ ಮೇಲಿಟ್ಟರು. ಕೈ ನೆನೆಸುತ್ತ ಇಬ್ಬರೂ ಎದುರುಬದುರು ಕೂತರು. ಸಾಹುಕಾರರು ಸೇನಾಪತಿಯನ್ನು ದಿಟ್ಟಿಸಿ, "ತೋಳು ಉಲ್ಟಾ ಹಚ್ಚೀರಲ್ರಿ" ಎಂದರು.

ಮತ್ತೆ ಜಗಳವೆಂದು ನಾನು ಹೆದರಿದೆ. ಮಾಸ್ತರರು ಬಿಡುವಿದ್ದ ಎಡಗೈಯಿಂದ ದಾಳವನ್ನು ಅವರತ್ತ ತಳ್ಳಿ, "ಮೊದಲ ನೀವ ಒಗೀರಿ" ಎಂದರು.